ಮೂರನೇ ಚರಣ

ಕುಣಿಯಲಾರದವಳು ಹಿತ್ತಲ ಗಿಡ ಮದ್ದಲ್ಲ ಅಂದಳಂತೆ. ಮುಖ ಸಿಂಡರಿಸಬೇಡಿ; ಎರಡು ಗಾದೆಗಳ ಸೊಂಟ ಮುರಿದು ಅಂಟಿಸಿದರೆ ಹೀಗೇ ಆಗುವುದು. ಹಾಡುಗಳಿಗೆ ಇದೇ ಗತಿ ಕಾಣಿಸಿದರೆ ಅದಕ್ಕೆ ಮ್ಯಾಷಪ್ ಅನ್ನುತ್ತಾರೆ. ಗಾದೆ ಸುಳ್ಳಾದರೂ ಈ ಕತೆ ಸುಳ್ಳಲ್ಲ.

ಡಾನ್ಸ್ ಹಾಲಿನ ಡೀಜೆಗೆ ಮಿಕ್ಸಿ ಎಂಬ ಹೆಸರು ಬಿದ್ದದ್ದು ಅದರಿಂದಲೇ. ಏಳು ವರ್ಷಗಳಿಂದ ಪ್ರತಿ ಭಾನುವಾರ ಮಧ್ಯಾಹ್ನ ಅವನು ಹಾಡುಗಳನ್ನು ರುಬ್ಬಿ ಬಡಿಸುತ್ತಿದ್ದ. ಒಂದರ ತಲೆ, ಇನ್ನೊಂದರ ಬಾಲ, ನಡುವೆ ಮತ್ತೊಂದರ ಕೆಮ್ಮು. ಬರಬರುತ್ತಾ ಅವನ ಮಾತೂ ಹಾಗೇ ಆಗಿತ್ತು.

ಆ ಭಾನುವಾರ ಬೆಳಿಗ್ಗೆ, "ಲೇ, ನನ್ನ ಬಿಳಿ ಶರ್ಟು... ಹಾಲು ಉಕ್ತಿದೆ ನೋಡು... ನಿಮ್ಮಪ್ಪನ ಮಂಡಿನೋವು ಹೇಗಿದೆ?" ಅಂದ, ಒಂದೇ ಉಸಿರಿಗೆ.

"ರೀ, ನೀವು ಒಂದು ಮಾತು ಪೂರ್ತಿ ಮುಗಿಸಿ ಎಷ್ಟು ದಿನ ಆಯ್ತು?" ಎಂದಳು ಹೆಂಡತಿ.

ಸೋಫಾದಲ್ಲಿ ಕೂತು ವೈರು ಸುತ್ತುತ್ತಿದ್ದ ಭಾಮೈದ ಕಿಸಕ್ಕೆಂದ. ಅವನು ಅದೇ ಡಾನ್ಸ್ ಹಾಲಿನಲ್ಲಿ ಬಣ್ಣದ ದೀಪ ತಿರುಗಿಸುವವನು.

ಮಿಕ್ಸಿಗೆ ರೇಗಿತು. "ನಂಗೂ ಸಾಕಾಗಿದೆ. ಇವತ್ತಿಂದ ಮ್ಯಾಷಪ್ ಬಂದ್. ನನ್ನ ಕೈಯಿಂದ ಇನ್ನೊಂದು ಅಂಟಿಸಿದ ಹಾಡು ಹೊರಟರೆ ಅರ್ಧ ಮೀಸೆ ಬೋಳಿಸ್ಕೋತೀನಿ."

"ಅಂಟಿಸಿದ್ದು ಅಂತ ಗೊತ್ತಾಗೋದು ಹೇಗೆ ಭಾವ?"

"ನನ್ನ ಕಿವಿ ಸಂದು ಹಿಡಿಯತ್ತೆ ಕಣೋ. ನಿದ್ದೇಲಿದ್ರೂ ಹಿಡಿಯತ್ತೆ."

ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹೆಂಡತಿ ಪೆನ್‌ಡ್ರೈವ್ ಹಿಡಿದು ನಿಂತಿದ್ದಳು. "ನಂಗಿಷ್ಟದ ದೋಣಿ ಹಾಡು. ಮೂರೂ ಚರಣ ಇದೆ. ನೀವು ಹಾಕೋದು ಬರೀ ಪಲ್ಲವಿ. ಇವತ್ತು ಪೂರ್ತಿ ಕೇಳ್ಬೇಕು."

ಮಧ್ಯಾಹ್ನ ಹೆಂಡತಿ ಎಂದಿನಂತೆ ಹಾಲಿಗೆ ಬಂದು ಅವನ ಪಕ್ಕದಲ್ಲಿ ಕೂತಳು; ದೋಣಿ ಹಾಡು ಶುರುವಾಯಿತು. ಮೂವತ್ತು ಸೆಕೆಂಡಿಗೊಮ್ಮೆ ಹಾಡು ಬದಲಾಗಬೇಕು ಎಂಬುದು ಹಾಲಿನ ಯಜಮಾನರ ಕಟ್ಟಪ್ಪಣೆ. ಜನರ ಕಾಲಿಗೂ ಅದು ಬಾಯಿಪಾಠ. ಮೂವತ್ತನೇ ಸೆಕೆಂಡಿಗೆ ಅರ್ಧ ಹಾಲು ಹೊಸ ಹಾಡಿಗೆಂದು ಎಡಕ್ಕೆ ಜಿಗಿಯಿತು. ಹಾಡು ಜಿಗಿಯಲಿಲ್ಲ. ವಾರವಾರ ಕುಣಿಯಲು ಬರುವ ಹಲ್ಲಿನ ಡಾಕ್ಟರು ದರ್ಜಿಯ ಮೇಲೆ ಬಿದ್ದರು, ದರ್ಜಿ ಕುರ್ಚಿಗಳ ಮೇಲೆ. ಮೊದಲ ಚರಣ ಮುಗಿಯುವಷ್ಟರಲ್ಲಿ ಎಲ್ಲರೂ ಒಂಟಿಕಾಲೆತ್ತಿ, ಮೀನಿಗೆ ಕಾದ ಕೊಕ್ಕರೆಗಳ ಹಾಗೆ ಹಾಡು ಬದಲಾಗುವುದನ್ನೇ ಕಾಯುತ್ತಿದ್ದರು.

ಯಜಮಾನರು ಓಡಿಬಂದರು. "ಏನೋ ಮಿಕ್ಸಿ, ಸಿಕ್ಕಾಕೊಂಡಿದೆಯಾ?"

"ಇಲ್ಲ ಸಾರ್, ಹಾಡ್ತಾ ಇದೆ."

"ಇನ್ನೂ ಅದೇನಾ?"

"ಬುಡ ಸಡಿಲ ಆಗಿರ್ಬೇಕು, ಕಿತ್ತುಬಿಡೋಣ," ಎನ್ನುತ್ತಾ ಹಲ್ಲಿನ ಡಾಕ್ಟರು ವೈರಿಗೆ ಕೈಹಾಕಿದರು.

ಮಿಕ್ಸಿ ಕಾವಿಗೆ ಕೂತ ಕೋಳಿಯಂತೆ ಯಂತ್ರದ ಮೇಲೆ ಕವುಚಿಕೊಂಡ. "ಮೂರನೇ ಚರಣ ಬರೋವರೆಗೂ ತಡೀರಿ ಸಾರ್. ಆಮೇಲೆ ಬೇಕಾದ್ರೆ ನನ್ನನ್ನೇ ಕಿತ್ತುಹಾಕಿ."

ಮೂರನೇ ಚರಣ ಬಂತು. ಎತ್ತಿದ ಕಾಲುಗಳು ತಾವಾಗಿ ಇಳಿದವು, ತಾವಾಗಿ ಕುಣಿದವು. ಡಾಕ್ಟರು ವೈರು ಬಿಟ್ಟು ಗಿರಕಿ ಹೊಡೆದರು. ಮಿಕ್ಸಿಯ ಕಣ್ಣು ತುಂಬಿತು.

"ಭೇಷ್ ಕಣೋ," ಯಜಮಾನರು ಬೆನ್ನು ತಟ್ಟಿದರು. "ಎರಡು ಹಾಡು ಎಲ್ಲಿ ಸೇರಿಸಿದೆ ಅಂತಲೇ ತಿಳೀಲಿಲ್ಲ."

"ಹೊಲಿಗೆನೇ ಕಾಣಲ್ಲ," ಎಂದ ದರ್ಜಿ.

"ಸೇರಿಸಿಲ್ಲ ಸಾರ್. ಒಂದೇ ಹಾಡು."

"ಕಸುಬಿನ ಗುಟ್ಟು ಹೇಳ್ಬೇಡ ಬಿಡು. ಮುಂದಿನ ವಾರದಿಂದ ಇಂಥವೇ ಹತ್ತು ಮಾಡ್ಕೊಂಡು ಬಾ."

ಮಿಕ್ಸಿ ಹೆಂಡತಿಯತ್ತ ತಿರುಗಿದ. "ನೀನಾದ್ರೂ ಹೇಳೇ."

ಹೆಂಡತಿ ಕರ್ಚೀಫು ಬಾಯಿಗೊತ್ತಿಕೊಂಡಿದ್ದಳು. ಭಾಮೈದ ದೀಪವೊಂದನ್ನು ಮೆಲ್ಲಗೆ ತಿರುಗಿಸಿ ಬೆಳಕನ್ನು ಭಾವನ ಮೀಸೆಯ ಮೇಲೆ ಬಿಟ್ಟ. "ಭಾವ, ಆ ಹಾಡಿಗಿರೋದು ಎರಡೇ ಚರಣ. ಮೂರನೇದು ಅದೇ ಗಾಯಕಿಯ ಬೇರೆ ಹಾಡಿಂದು. ನೀವು ಸ್ನಾನಕ್ಕೆ ಹೋದಾಗ ಅಕ್ಕ ಅಂಟಿಸಿದ್ದು."

"ಏಳು ವರ್ಷ ಪಕ್ಕದಲ್ಲೇ ಕೂತು ನೋಡಿದೀನಲ್ಲ ರೀ," ಎಂದಳು ಹೆಂಡತಿ.

ಆ ಹಾಡನ್ನು ಸಾವಿರ ಸಲ ಕತ್ತರಿಸಿದ್ದ ಮಿಕ್ಸಿ, ಒಂದು ಸಲವೂ ಅದನ್ನು ಪೂರ್ತಿ ಕೇಳಿರಲಿಲ್ಲ.

ಭಾಮೈದ ಬೆಳಗಿನ ಮೀಸೆಯ ಶಪಥವನ್ನು ಎಲ್ಲರಿಗೂ ಸಾರಿದ; ದರ್ಜಿಯ ಜೇಬಿನಿಂದ ಕತ್ತರಿ ಹೊರಬಂತು. ಮಿಕ್ಸಿ ಕಣ್ಣುಮುಚ್ಚಿ ಮುಖ ಒಡ್ಡಿದ. ಕಚಕಚ ನಿಂತ ಮೇಲೆ ಗೋಡೆಯ ಕನ್ನಡಿ ನೋಡಿಕೊಂಡ. ಎಡಗಡೆಯಿಂದ ಪೊಲೀಸು, ಬಲಗಡೆಯಿಂದ ಪಾಪು.

ಯಜಮಾನರು ಹತ್ತಿರ ಬಂದು ಕನ್ನಡಕ ಏರಿಸಿ ಪರೀಕ್ಷಿಸಿದರು. "ಇದರಲ್ಲಿ ಮಾತ್ರ ಹೊಲಿಗೆ ಕಾಣ್ತದಪ್ಪ."

ಇಡೀ ಹಾಲೇ ನಕ್ಕಿತು. ಎಲ್ಲರ ನಗು ನಿಂತ ಮೇಲೂ ಒಂದು ನಗು ಮಾತ್ರ ನಿಲ್ಲಲಿಲ್ಲ. ಮಿಕ್ಸಿ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡಿದ್ದ. ಏಳು ವರ್ಷಗಳಲ್ಲಿ ಅವನು ಮೊದಲಿಂದ ಕೊನೆಯವರೆಗೆ ಪೂರ್ತಿ ಮುಗಿಸಿದ್ದು ಆ ನಗುವೊಂದನ್ನೇ.