ಬಂದರು ಮುಚ್ಚಿದ ದಿನದ ಅಂಕಗಳು

ರಾಜಧಾನಿಯ ಪ್ರವೇಶ ಕಚೇರಿಯ ಎತ್ತರದ ಕುರ್ಚಿಯನ್ನು ಅಲಂಕರಿಸಿರುವ ಮಾನ್ಯ ನಿರ್ದೇಶಕರೇ,

ಚಿಲಿ ದೇಶದ ದಕ್ಷಿಣದಲ್ಲಿ, ಚಿಲೊಯೆಯ ಬಳಿ, ತಮ್ಮ ನಕ್ಷೆಯ ಮೇಲೆ ಶಾಯಿ ಸಿಡಿದಂತೆ ಕಾಣುವ ಪುಟ್ಟ ದ್ವೀಪವೊಂದರ ದೋಣಿಕಾರನಾದ ಎಲಿಯೆಸೆರ್ ಚಿಗ್ವಾಯ್ ಎಂಬ ನಾನು, ತಾವೂ ತಮ್ಮ ಕಂಪ್ಯೂಟರೂ ಕುಶಲವೆಂದು ನಂಬಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಅರಿಕೆ ಮಾಡಿಕೊಳ್ಳುವುದೇನೆಂದರೆ:

ನನ್ನ ತಂಗಿಯ ಮಗಳು ನಯಾರೆತ್‌ಗೆ ಸೂಲಗಿತ್ತಿಯ ಪದವಿ ಓದುವ ಆಸೆ. ನಮ್ಮ ದ್ವೀಪದಲ್ಲಿ ಹೆರಿಗೆ ಮಾಡಿಸುವವರಿಲ್ಲ. ಬಸುರಿಯರು ದಿನ ತುಂಬುವ ಮೊದಲೇ ಕಾಸ್ತ್ರೋ ಪಟ್ಟಣಕ್ಕೆ ಹೋಗಿ ಯಾರದೋ ಮನೆಯಲ್ಲಿ ಕಾದು ಕೂರಬೇಕು. ಶಾಲೆಯಲ್ಲಿ ಅವಳಿಗೆ ಪ್ರತಿ ವರ್ಷವೂ ಏಳಕ್ಕೆ ಏಳರ ಹತ್ತಿರದ ಅಂಕ. ಆ ಅಂಕ ಕೊಟ್ಟವರು ಒರ್ಫೆಲಿನಾ ಟೀಚರು, ಹೆತ್ತ ಮಗನನ್ನೇ ಗಣಿತದಲ್ಲಿ ಫೇಲು ಮಾಡಿ, ಮನೆಗೆ ಬಂದು ಅವನಿಗೆ ಬಿಸಿಬಿಸಿ ಊಟ ಬಡಿಸಿದ ಹೆಂಗಸು.

ಆದರೆ ಪದವಿ ಪ್ರವೇಶದ ಪರೀಕ್ಷೆ ಬರೆಯದವರ ಶಾಲಾ ಅಂಕಗಳು ಲೆಕ್ಕಕ್ಕೇ ಇಲ್ಲವೆಂಬುದು ತಮ್ಮ ಘನ ನಿಯಮ. ಕಳೆದ ಡಿಸೆಂಬರಿನಲ್ಲಿ, ಪರೀಕ್ಷೆಯ ಹಿಂದಿನ ದಿನ ಗಾಳಿ ಎದ್ದು, ನೌಕಾಪಡೆಯವರು ಬಂದರು ಮುಚ್ಚಿದರು. ಬೆಳಗ್ಗೆ ತೆರೆದ ಕೂಡಲೇ ನಾನೂ ನಯಾರೆತ್ತೂ ಹೊರಟೆವು. ಗುರುತಿನ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯೊಳಗೆ ಸೇರಿಸಿಕೊಂಡು, ದೋಣಿಗೆ ನುಗ್ಗಿದ ನೀರನ್ನು ಅವಳೇ ಮೊಗೆದು ಹಾಕಿದಳು. ಕಾಸ್ತ್ರೋದ ಏರುದಾರಿಯಲ್ಲಿ ಓಡಿ ತಲುಪಿದಾಗ ಪರೀಕ್ಷಾ ಕೇಂದ್ರದ ಗೇಟು ಆಗತಾನೇ ಮುಚ್ಚಿತ್ತು.

ಕಾವಲಿನ ಹೆಂಗಸು ಕಂಬಿಗಳಾಚೆಯಿಂದ ಅವಳ ಒದ್ದೆ ಕೂದಲು ನೋಡಿ ಕಣ್ಣೊರೆಸಿಕೊಂಡಳು. "ನನ್ನ ಕೈಲೇನಿದೆ ಮಗಳೇ? ತೆಗೆದ್ರೆ ನಾಳೆಯಿಂದ ನಾನೂ ನಿನ್ ಜೊತೆ ಆಚೆನೇ ನಿಂತ್ಕೋಬೇಕು."

ವಾಪಸು ಬರುವಾಗ ನಯಾರೆತ್ ಆಡಿದ್ದು ಒಂದೇ ಮಾತು: "ಮಾವ, ಇನ್ನೊಂಚೂರು ಜೋರಾಗಿ ಓಡ್ಸಕ್ಕಾಗ್ತಿರ್ಲಿಲ್ವಾ?" ತಮ್ಮ ಪ್ರಶ್ನೆಪತ್ರಿಕೆಯಲ್ಲಾದರೆ ಆರಿಸಿಕೊಳ್ಳಲು ನಾಲ್ಕು ಉತ್ತರ ಕೊಟ್ಟಿರುತ್ತಾರಂತೆ. ನನಗೆ ಒಂದೂ ಸಿಗಲಿಲ್ಲ.

ಅವಳ ಶಾಲಾ ಅಂಕಗಳನ್ನಾದರೂ ಪರಿಗಣಿಸಿ ಎಂದು ಬೇಡಿಕೊಂಡಾಗ, 'ಹವಾಮಾನವು ಅಭ್ಯರ್ಥಿಯ ಜವಾಬ್ದಾರಿ' ಎಂದು ತಾವು ಉತ್ತರಿಸಿದಿರಿ. ಇಷ್ಟು ಕಾಲ ಅದು ದೇವರ ಜವಾಬ್ದಾರಿಯೆಂದು ತಪ್ಪಾಗಿ ಬೋಧಿಸುತ್ತಿದ್ದ ನಮ್ಮ ಪಾದ್ರಿಗಳಿಗೆ ತಮ್ಮ ತಿದ್ದುಪಡಿಯನ್ನು ಮುಟ್ಟಿಸಿದ್ದೇನೆ. ಸಣ್ಣ ಶಾಲೆಗಳು ಅಂಕಗಳನ್ನು ಧಾರಾಳವಾಗಿ ಹಂಚುತ್ತವೆಂಬ ಗುಮಾನಿಯಿಂದ, ಪರಿಶೀಲನೆಗೆ ಗಾಸ್ತೋನ್ ಸಾಹೇಬರನ್ನೂ ಕಳಿಸಿಕೊಟ್ಟಿರಿ. ತಮ್ಮ ದಯೆ ದೊಡ್ಡದು.

ಸಾಹೇಬರು ಹಳೆಯ ಉತ್ತರಪತ್ರಿಕೆಗಳನ್ನೆಲ್ಲ ತಿರುವಿ ಹಾಕಿ ಬೆವರಿದರು. "ಟೀಚರ್, ನಿಮ್ ಕೈಗೆ ಸಿಕ್ಕಿದ್ರೆ ನಾನಿನ್ನೂ ಎಂಟನೇ ಕ್ಲಾಸಲ್ಲೇ ಇರ್ತಿದ್ದೆ" ಎಂದರು.

"ಈಗ್ಲೂ ಸೇರ್ಕೋಬಹುದು ಸಾರ್, ಹಿಂದಿನ ಬೆಂಚು ಖಾಲಿ ಇದೆ" ಎಂದರು ಒರ್ಫೆಲಿನಾ ಟೀಚರು.

ಅಷ್ಟರಲ್ಲಿ ಗಾಳಿ ಎದ್ದಿತು, ಬಂದರು ಮುಚ್ಚಿತು. ಸಾಹೇಬರು ನನ್ನ ತಂಗಿಯ ಮನೆಯ ಒಲೆಯ ಪಕ್ಕ ಸಿಕ್ಕಿಬಿದ್ದರು. ಆಲೂಗೆಡ್ಡೆ ರೊಟ್ಟಿಯನ್ನೂ ಮರುವಾಯಿ ಚಿಪ್ಪುಮೀನನ್ನೂ ಮಿತಿಮೀರಿ ತಿಂದು ಹೊಟ್ಟೆ ಕೆಡಿಸಿಕೊಂಡಾಗ, ಎಲೆಯ ಕಷಾಯ ಕಾಸಿ ಕುಡಿಸಿದ್ದು ನಯಾರೆತ್. "ರಾಜಧಾನೀಲಿ ಮೀಟಿಂಗ್ ಇದೆ ನಂಗೆ! ಏನಾದ್ರೂ ಮಾಡ್ರಪ್ಪಾ!" ಎಂದು ಕಿಟಕಿಯಿಂದ ಕಿಟಕಿಗೆ ಅಲೆದರು.

"ಹವಾಮಾನ ನಿಮ್ ಜವಾಬ್ದಾರಿ ಅಲ್ವಾ ಸ್ವಾಮಿ?" ಎಂದೆ. ಅವರು ನಗಲಿಲ್ಲ. ನಯಾರೆತ್ ಮಾತ್ರ, ಡಿಸೆಂಬರ್ ಆದಮೇಲೆ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆ ಮೀಟಿಂಗನ್ನು ತಾವು ಅವರಿಗೋಸ್ಕರ ಮುಂದೂಡಿದಿರಿ. ಅವರ ಗೈರುಹಾಜರಿಯನ್ನು 'ಅನಿವಾರ್ಯ' ಎಂದು ಬರೆದುಕೊಂಡು ಸಂಬಳವನ್ನೂ ಕೊಟ್ಟಿರಿ. ನಯಾರೆತ್‌ಗೆ ಬಂದ ಉತ್ತರ: 'ಅಂಕಗಳು ನೈಜವಾಗಿವೆ. ನಿಯಮ ಬದಲಾಗದು.' ಗಾಳಿಯೂ ಅದೇ, ಮುಚ್ಚಿದ ಬಂದರೂ ಅದೇ. ಆದರೂ ಯಾರು ಮೀಟಿಂಗಿಗೆ ಹೊರಟವರು, ಯಾರು ಪರೀಕ್ಷೆಗೆ ಹೊರಟವರು ಎಂದು ಬೇರೆಬೇರೆಯಾಗಿ ತೂಗಿ ನೋಡಿದ ತಮ್ಮ ಸೂಕ್ಷ್ಮ ಬುದ್ಧಿಗೆ ನಮ್ಮ ಇಡೀ ದ್ವೀಪ ತಲೆಬಾಗಿದೆ.

ಆದ್ದರಿಂದ ತಾವು ಮುಂದಿನ ಪರೀಕ್ಷೆಯ ದಿನಾಂಕವನ್ನು ಮುಂಚಿತವಾಗಿ ಸಮುದ್ರಕ್ಕೂ ತಿಳಿಸಬೇಕು. ಇಲ್ಲವೇ ನಮ್ಮ ದ್ವೀಪವನ್ನು ಹಗ್ಗ ಕಟ್ಟಿ ಎಳೆಸಿ ತಮ್ಮ ಕಚೇರಿಯ ಮುಂದೆ ನಿಲ್ಲಿಸಿಕೊಳ್ಳಬೇಕು. ಇವೆರಡೂ ಆಗದಿದ್ದರೆ, ಒಂದು ಬೆಳಗ್ಗೆ ಕೈತಪ್ಪಿ ಹೋದಾಗ ವರ್ಷಗಟ್ಟಲೆ ಓದಿ ಪಡೆದ ಅಂಕಗಳನ್ನು ನೋಡಬೇಕು. ಈ ಮೂರನೆಯದು ಸಾಧ್ಯವಿರುವ ಕೆಲಸವಾದ್ದರಿಂದ ತಮಗೆ ಎಲ್ಲಕ್ಕಿಂತ ಕಷ್ಟವಾದೀತೆಂದು ಬಲ್ಲೆ.

ನಯಾರೆತ್ ಅಷ್ಟರವರೆಗೆ ಕಾಯುವವಳಲ್ಲ. ಪರೀಕ್ಷೆ ಇನ್ನೂ ದೂರವಿರುವಾಗಲೇ ಕಾಸ್ತ್ರೋಗೆ ಹೋಗಿ, ಬಸುರಿಯರು ತಂಗುವ ಮನೆಯಲ್ಲೇ ಪುಸ್ತಕ ಹರಡಿಕೊಂಡು ಕೂತಿದ್ದಾಳೆ. ಹೊಸದಾಗಿ ಬಂದವರು, "ನಿಂಗ್ಯಾವಾಗಮ್ಮ?" ಎಂದು ಕೇಳುತ್ತಾರಂತೆ.

"ಡಿಸೆಂಬರ್‌ಗೆ" ಎನ್ನುತ್ತಾಳಂತೆ ಇವಳು, ತಲೆ ಎತ್ತದೆ.

ತಮ್ಮ ನಿಯಮಗಳ ಮುಂದೆ ಸದಾ ಒದ್ದೆಯಾಗಿ ನಿಂತಿರುವ
ತಮ್ಮ ವಿಶ್ವಾಸಿ,
ಎಲಿಯೆಸೆರ್ ಚಿಗ್ವಾಯ್

ಮರೆತಿದ್ದೆ: ನಮ್ಮ ದ್ವೀಪದಲ್ಲಿ ಪಟ್ಟ ಪಾಡಿಗಾಗಿ ಗಾಸ್ತೋನ್ ಸಾಹೇಬರಿಗೆ ಬಡ್ತಿ ಸಿಕ್ಕಿತೆಂದು ಕೇಳಿ ಬಹಳ ಸಂತೋಷವಾಯಿತು. ಅದಕ್ಕೇನಾದರೂ ಪರೀಕ್ಷೆ ಇತ್ತೇ?