ಮೂರು ಪೆಟ್ಟಿಗೆ, ಒಂದು ಕೌದಿ

ನನಗೆ ಚೆನ್ನಾಗಿ ಹೇಳಲು ಬರುವುದಿಲ್ಲ, ಮೊದಲೇ ಕ್ಷಮಿಸಿ. ನಾನು ಹಳಿಯಾಳದ ಕಡೆ ರಕ್ತಪರೀಕ್ಷೆಯ ಸಹಾಯಕ. ಸಹಾಯಕ ಎಂದರೆ ಸೂಜಿ ಎತ್ತಿಕೊಡುವವನು, ಬಾಟಲಿಗೆ ಚೀಟಿ ಅಂಟಿಸುವವನು. ಈ ಕೆಲಸದಲ್ಲಿ ಫಜೀತಿ ತಪ್ಪಿದ್ದಲ್ಲ.

ನಮ್ಮ ಕಡೆಯ ಕಾಡಂಚಿನ ಸಿದ್ದಿ ಜನರ ಹಿರಿಯರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ಆ ಇತಿಹಾಸ ಅವರ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ನೋಡಲು ದೂರದಿಂದ ಒಬ್ಬ ಡಾಕ್ಟರರು ಬಂದಿದ್ದರು. "ಒಂದು ಮನೆತನದ ಮೂರು ತಲೆಮಾರಿನ ರಕ್ತ ಪೂರ್ತಿ ಕೊಡಿಸು. ನಿನ್ನ ನೌಕರಿ ಕಾಯಂ ಮಾಡಿ ಅಂತ ಬರೀತೀನಿ" ಎಂದರು. ನಾನಿನ್ನೂ ತಾತ್ಕಾಲಿಕ. ತಾತ್ಕಾಲಿಕ ಎಂದರೆ ಯಾವಾಗ ಬೇಕಾದರೂ ಮನೆಗೆ.

೧. ಪೆಟ್ಟಿಗೆ

ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಎಂದು ರಕ್ತದ ಬಾಟಲಿ ಇಡಲು ಡಾಕ್ಟರರು ಮೂರು ಪೆಟ್ಟಿಗೆ ತಂದಿದ್ದರು. ಮೊದಲ ಮನೆಯಲ್ಲೇ ತೊಡಕು. ಅಜ್ಜಿ ಹಿಂದೂ, ಅಳಿಯ ಮುಸ್ಲಿಂ, ಸೊಸೆ ಕ್ರಿಶ್ಚಿಯನ್.

"ದೀಪಾವಳಿ, ಈದ್, ನಾತಾಳ, ಮೂರಕ್ಕೂ ನಮಗ ಒಂದ ಒಲಿ ಸಾಕಾಗೇತಿ. ನಿಮಗ್ಯಾಕ್ರಿ ಮೂರು ಪೆಟ್ಟಿಗಿ?" ಎಂದಳು ಅಜ್ಜಿ.

ಬಾಟಲಿಗಳೆಲ್ಲ ಒಂದೇ ಪೆಟ್ಟಿಗೆ ಸೇರಿದವು. ಉಳಿದೆರಡರಲ್ಲಿ ಸಂಜೆಗೆ ಅಜ್ಜಿಯ ಕೋಳಿಗಳು ಕಾವು ಕೂತಿದ್ದವು.

೨. ಸೂಜಿ

ಎಲ್ಲರೂ ಕೊಟ್ಟರು, ಅಜ್ಜಿ ಮಾತ್ರ ತೋಳು ಕೊಡಲೊಲ್ಲಳು. ಡಾಕ್ಟರರು ಬಿಡಿಸಿ ಹೇಳಿದರು: ಮಗುವಿಗೆ ವಂಶವಾಹಿ ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ ಬರುತ್ತದೆ. ತಾಯಿ ಕೊಡುವ ಅರ್ಧವೂ ಇಡಿಯಾದದ್ದಲ್ಲ, ಅವಳ ತಂದೆತಾಯಿಗಳದ್ದನ್ನು ತುಂಡರಿಸಿ ಕೂಡಿಸಿದ್ದು.

ಅಜ್ಜಿ ಹೊಲಿಯುತ್ತಿದ್ದ ಕೌದಿ ಎತ್ತಿ ಹಿಡಿದಳು. ಕೌದಿ ಎಂದರೆ ಹಳೆ ಬಟ್ಟೆಯ ತುಂಡುಗಳ ಹೊದಿಕೆ. "ಇದು ಅವ್ವನ ಸೀರಿ, ಇದು ಅಪ್ಪನ ಧೋತರ. ಹರದಾಗೊಮ್ಮೆ ಬಿಚ್ಚಿ, ಕತ್ತರಿಸಿ ಹೊಲೀತೇವಿ. ತುಂಡು ಸಣ್ಣಾದಷ್ಟು ಬಟ್ಟಿ ಹಳೇದು."

"ಅದೇ ರೀ!" ಡಾಕ್ಟರರು ಎದ್ದೇ ನಿಂತರು. "ರಕ್ತದಲ್ಲೂ ದೊಡ್ಡ ತುಂಡು ಇತ್ತೀಚೆಗೆ ಸೇರಿದ್ದು, ಸಣ್ಣ ತುಂಡು ಬಹಳ ಹಿಂದಿನದು!"

"ಇಷ್ಟು ಗೊತ್ತಿದ್ದ ಮ್ಯಾಲ ಮತ್ಯಾಕ ಬಂದ್ರಿ? ಸೂಜಿ ನನ್ನ ಕಡೇನೂ ಐತಿ."

೩. ಚೀಟಿ

ಕಡೆಗೆ ಅಜ್ಜಿ ಒಪ್ಪಿದಳು. "ಮೊದಲ ನೀವು ಕೊಡ್ರಿ, ಆಮ್ಯಾಲ ನಾ."

ಡಾಕ್ಟರರು ಕೊಟ್ಟರು, ಅಜ್ಜಿಯೂ ಕೊಟ್ಟಳು. ನೌಕರಿ ಕಾಯಂ ಎಂಬ ಖುಷಿಯಲ್ಲಿ ನಾನು ಎಲ್ಲ ಬಾಟಲಿಗೂ ಆ ಮನೆತನದ ಚೀಟಿ ಅಂಟಿಸಿದೆ. ಎಲ್ಲ ಎಂದರೆ ಡಾಕ್ಟರರದಕ್ಕೂ.

ಕೆಲವು ತಿಂಗಳ ನಂತರ ಡಾಕ್ಟರರು ಕಾಗದ ಹಿಡಿದು ಮತ್ತೆ ಬಂದರು. "ಅಜ್ಜಿ, ಒಬ್ಬ ಗಂಡಸಿನ ರಕ್ತ ಮಾತ್ರ ನಿಮ್ಮಲ್ಲಿ ಯಾರಿಗೂ ಹೊಂದೋದಿಲ್ಲ. ಯಾರು ಅವರು?"

ಅಜ್ಜಿ ಮನೆಯವರನ್ನು ಬೆರಳಲ್ಲಿ ಎಣಿಸಿದಳು, ಆಮೇಲೆ ಡಾಕ್ಟರರನ್ನೇ ನೋಡಿದಳು. "ಅವತ್ತ ನನಗಿಂತ ಮೊದಲ ಕೊಟ್ಟಾವ್ರು ನೀವ ಅಲ್ಲೇನ್ರಿ? ಚೀಟಿ ಹಚ್ಚಿಸಿಕೊಂಡು ನಮ್ಮ ಮನಿಯವ್ರ ಆಗೀರಿ. ಕುಂಡ್ರಿ, ನಿಮ್ಮ ಪೆಟ್ಟಿಗ್ಯಾಗ ಹುಟ್ಟಿದ ಹುಂಜ ಕೊಯ್ತೇನಿ."

ನಾನು ಅಂಟಿನ ಡಬ್ಬಿಯನ್ನು ಬೆನ್ನ ಹಿಂದೆ ಅಡಗಿಸಿದೆ. ಡಾಕ್ಟರರು ನಕ್ಕರು, ಉಂಡರು, ಮಾತಿನಂತೆ ಪತ್ರವನ್ನೂ ಬರೆದರು. ಕಾಯಂ ಆದೆ. ಅಂದಿನಿಂದ ಚೀಟಿ ಅಂಟಿಸಲು ಒಂದು ಪದ್ಧತಿ ಮಾಡಿಕೊಂಡಿದ್ದೇನೆ, ತಪ್ಪುವುದೇ ಇಲ್ಲ. ಹೇಗೆಂದರೆ, ಮೊದಲು ಖಾಲಿ ಬಾಟಲಿ ತೆಗೆದುಕೊಂಡು...

ಇರಿ, ನರ್ಸಬಾಯಿ ಒಳಗಿನಿಂದ ಕರೆಯುತ್ತಿದ್ದಾರೆ: "ಏನ್ರೀ, ಮೀಸಿ ಇದ್ದ ಗಂಡಸಿಗೆ ಬಸಿರ ಐತಿ ಅಂತ ಬರದೀರಲ್ಲ, ಲಗೂನ ಬರ್ರಿ ಇಲ್ಲೆ!"