ಅತ್ತೆ ನಮ್ಮನ್ನು ಕಂಪ್ಯೂಟರ್ ಮಾಡಿದ್ದು

ನಮ್ಮ ಸೋದರಮಾವನ ಹೆಂಡತಿ ಪ್ರೋಗ್ರಾಂ ಬರೆಯಲು ಕಲಿತದ್ದು ಕಂಪ್ಯೂಟರ್ ಇಲ್ಲದೆ! ಸುಳ್ಳು ಅಂತೀರಾ? ಬೇಕಾದರೆ ಕೆಂಗಲ್ ಆಂಜನೇಯನ ಮೇಲೆ ಆಣೆ ಇಡುತ್ತೇನೆ. ಯಾಕೆಂದರೆ ಆ ಕಂಪ್ಯೂಟರ್ ನಾನೇ. ಪೂರ್ತಿ ನಾನಲ್ಲ ಬಿಡಿ, ಮಾವ ಮತ್ತು ಅಜ್ಜಿಗೂ ಅದರಲ್ಲಿ ಪಾಲಿತ್ತು.

ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗಳು ನಾಯಿಕೊಡೆಯ ಹಾಗೆ ಏಳುತ್ತಿದ್ದ ದಿನಗಳು. ನಾನು ಡಿಗ್ರಿ ಮುಗಿಸಿ, ಸಿಕ್ಕಸಿಕ್ಕ ಫ್ಯಾಕ್ಟರಿಗೆಲ್ಲ ಅರ್ಜಿ ಹಾಕಿ, ಕನಕಪುರದ ಪಕ್ಕದ ಹಳ್ಳಿಯಲ್ಲಿದ್ದ ಮಾವನ ಮನೆಯಲ್ಲಿ ಮುದ್ದೆ ನುಂಗುತ್ತ ಕೂತಿದ್ದೆ. ಅವರದು ರೇಷ್ಮೆ ಹುಳ ಸಾಕುವ ಮನೆ. ಒಂದು ಬೆಳಿಗ್ಗೆ ಅತ್ತೆ ಹಿಪ್ಪುನೇರಳೆ ಸೊಪ್ಪಿನ ಮಂಕರಿ ಕೆಳಗಿಟ್ಟು, "ನಾನು ಕಂಪ್ಯೂಟರ್ ಕಲೀತೀನಿ" ಅಂದುಬಿಟ್ಟರು! ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಡುಮ್ಕಿ ಹೊಡೆದು ಮದುವೆಯಾದ ಹೆಂಗಸು!

ಅಜ್ಜಿ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು. "ಹೋಗವ್ವ, ಬ್ಯಾಡ ಅನ್ನಾಕಿಲ್ಲ. ಆದ್ರೆ ಪರೀಕ್ಸೇಲಿ ಫೇಲಾದ್ರೆ ಹುಳದ ಮನೆ ಬುಟ್ಟು ಕದಲಂಗಿಲ್ಲ. ಆಮ್ಯಾಕೆ ಕಂಪೂಟ್ರು ಅನ್ನೋ ಮಾತೇ ಎತ್ತಂಗಿಲ್ಲ."

"ಪಾಸಾದ್ರೆ?"

"ಪಾಸಾಗು, ನೋಡಾನ."

ಕನಕಪುರದಲ್ಲಿ ಹೊಸದಾಗಿ ತೆರೆದಿದ್ದ ಕಂಪ್ಯೂಟರ್ ಕ್ಲಾಸಿಗೆ ಅತ್ತೆ ಸೇರಿದರು. ಅಲ್ಲಿ ಹೆಂಗಸರಿಗೆ ಪಾಠ ಹೇಳಲು ಒಬ್ಬ ಟೀಚರ್ ಬೇಕಿತ್ತು. ಪಾಸಾದರೆ ಆ ಕೆಲಸ ಅತ್ತೆಗೆ. ಆ ಆಸೆ ನನಗೊಬ್ಬನಿಗೇ ಗೊತ್ತಿತ್ತು.

ಆದರೆ ಕ್ಲಾಸಿನಲ್ಲಿ ಮಕ್ಕಳು ಹೆಚ್ಚು, ಕಂಪ್ಯೂಟರ್ ಕಡಿಮೆ. ಅತ್ತೆಯ ಸರದಿ ಬರುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಅತ್ತೆ ಬಿಟ್ಟಾರೆಯೇ? ಮನೆಗೆ ಬಂದು ನಮ್ಮನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಕೂರಿಸಿದರು. ಹೇಳಿದ್ದನ್ನು ಮಾಡುವ ಯಂತ್ರ ಮಾವ. ಹೇಳಿದ್ದನ್ನು ನೆನಪಿಟ್ಟುಕೊಳ್ಳುವವನು ನಾನು. ಉತ್ತರವನ್ನು ಕೂಗಿ ಹೇಳುವ ಪರದೆ ಅಜ್ಜಿ. ಆ ಗಂಟಲಿಗೆ ಬೇರೆ ಯಾವ ಕೆಲಸ ಕೊಡಲಾದೀತು?

"ಹೇಳಿದ್ದಷ್ಟೇ ಮಾಡ್ಬೇಕು. ಯಾರೂ ತಲೆ ಉಪ್ಯೋಗಿಸ್ಬಾರ್ದು" ಎಂದು ಅತ್ತೆ ಕಟ್ಟಪ್ಪಣೆ ಮಾಡಿದರು.

"ನನ್ ಮಗಂಗೆ ಅದ್ನ ಬ್ಯಾರೆ ಹೇಳ್ಕೊಡ್ಬೇಕಾ?" ಅಂದರು ಅಜ್ಜಿ.

ಒಂದು ದಿನ ಅತ್ತೆ ಕ್ಲಾಸಿಗೆ ಹೊರಡುವಾಗ ಮಾವನಿಗೊಂದು ಪ್ರೋಗ್ರಾಂ ಹೇಳಿ ಹೋದರು: ಬಿದಿರಿನ ತಟ್ಟೆಯಲ್ಲಿರುವ ಹುಳ ಸೊಪ್ಪು ತಿಂದಿದೆಯಾ ನೋಡು. ತಿಂದಿದ್ದರೆ ಇನ್ನಷ್ಟು ಹಾಕಿ ಎದ್ದು ಬಾ. ತಿನ್ನದಿದ್ದರೆ ಮತ್ತೆ ನೋಡು. ಇಷ್ಟೇ. ಆದರೆ ಅವತ್ತೇ ಹುಳಕ್ಕೆ ಜ್ವರ ಬರಬೇಕೇ! ಪೊರೆ ಬಿಡುವ ಮೊದಲು ಹುಳ ಸೊಪ್ಪು ಮುಟ್ಟದೆ ಕತ್ತೆತ್ತಿಕೊಂಡು ಸುಮ್ಮನಿರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಇಡೀ ದಿನ ಒಂದೆಲೆಯನ್ನೂ ತಿನ್ನುವುದಿಲ್ಲ. ಮಾವ ನೋಡಿದ. ಮತ್ತೆ ನೋಡಿದ. ಊಟಕ್ಕೆ ಕರೆದರೆ ಏಳಲಿಲ್ಲ. ಅತ್ತೆ ಸಂಜೆ ಬಸ್ಸಿಳಿದು ಬಂದಾಗಲೂ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡುತ್ತಲೇ ಇದ್ದ!

"ಅಯ್ಯೋ, ಜ್ವರ ಬಂದಿರೋದು ಗೊತ್ತಾಗ್ಲಿಲ್ವಾ? ಹುಟ್ಟಿದಾಗಿಂದ ಹುಳ ಸಾಕ್ತಿದ್ದೀರಲ್ರೀ!"

"ಬೆಳಿಗ್ಗೇನೆ ಗೊತ್ತಾಯ್ತು ಕಣಮ್ಮಿ. ತಲೆ ಉಪ್ಯೋಗಿಸ್ಬ್ಯಾಡಿ ಅಂದೋಳು ನೀನೇ ಅಲ್ವಾ?"

ಪಾಪ ಎಂದು ಅನ್ನ ಬಡಿಸುವುದು ಬಿಟ್ಟು ಅತ್ತೆ ಅಲ್ಲೇ ಕುಣಿದಾಡಿಬಿಟ್ಟರು! ನಿಲ್ಲಬೇಕಾದ ಕಡೆ ನಿಲ್ಲದೆ ಸುತ್ತುವ ಪ್ರೋಗ್ರಾಂ ಬಗ್ಗೆ ಮೇಷ್ಟ್ರು ವಾರವಿಡೀ ಹೇಳಿದ್ದರಂತೆ, ತಲೆಗೆ ಹತ್ತಿರಲಿಲ್ಲವಂತೆ. ಈಗ ಅದು ಕಣ್ಣೆದುರಿಗೇ ಕೂತಿತ್ತು, ಹಸಿದ ಹೊಟ್ಟೆಯಲ್ಲಿ.

ಪರೀಕ್ಷೆಯ ದಿನ ನಾವೆಲ್ಲ ಬಸ್ಸು ಹತ್ತಿ ಕನಕಪುರಕ್ಕೆ ಹೋದೆವು. ಸ್ವಂತವಾಗಿ ಒಂದು ಪ್ರೋಗ್ರಾಂ ಬರೆದು ಮೇಷ್ಟ್ರ ಎದುರಿಗೆ ಓಡಿಸಿ ತೋರಿಸಬೇಕು. ಅತ್ತೆ ಬರೆದದ್ದು ಹುಳಕ್ಕೆ ಯಾವಾಗ ಎಷ್ಟು ಸೊಪ್ಪು ಎಂದು ಹೇಳುವ ಪ್ರೋಗ್ರಾಂ. ನಾನು ಮಹಡಿಯ ಮೇಲಿನ ಆ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದೆ. ಗುಂಡಿ ಒತ್ತಿದರು. ಪರದೆಯ ತುಂಬ ಒಂದೇ ಸಾಲು ದಡದಡ ಓಡತೊಡಗಿತು, ನಿಲ್ಲುವ ಮಾತೇ ಇಲ್ಲ! ಕಾಲೇಜು ಹುಡುಗಿಯರು ಕಿಸಕ್ಕೆಂದರು. ಅತ್ತೆ ಮಾತ್ರ ನಕ್ಕರು. "ಸಾರ್, ಒಸಿ ತಾಳಿ. ನಮ್ ಯಜಮಾನ್ರು ಇದ್ರೊಳಗೆ ಕೂತವ್ರೆ, ಎಬ್ಬಿಸ್ಬೇಕು." ಜ್ವರ ಬಂದಿದ್ದರೆ ಎದ್ದು ಬಾ ಎಂಬ, ಗಡಿಬಿಡಿಯಲ್ಲಿ ಬಿಟ್ಟುಹೋಗಿದ್ದ ಒಂದು ಸಾಲನ್ನು ಸೇರಿಸಿದರು. ಮತ್ತೆ ಗುಂಡಿ ಒತ್ತಿದರು. ಓಡಿತು. ನಿಂತಿತು! ಮೇಷ್ಟ್ರು ಕುರ್ಚಿಯಿಂದಲೇ ಎದ್ದು, "ಪಾಸಮ್ಮ ಪಾಸು! ಸೋಮವಾರದಿಂದ ಪಾಠ ಹೇಳೋಕೆ ಬನ್ನಿ" ಅಂದರು. ನಾನು ಹಾಕಿದ ಸಿಳ್ಳೆಗೆ ಬೀದಿಯಲ್ಲಿ ಹೋಗುವವರೂ ತಿರುಗಿ ನೋಡಿದರು.

ಮಾವನ ಜೊತೆ ಕೆಳಗೆ ಕೂತಿದ್ದ ಅಜ್ಜಿಗೆ ಪಾಸಾದ ಸುದ್ದಿ, ಟೀಚರ್ ಕೆಲಸದ ಸುದ್ದಿ ಎರಡನ್ನೂ ಮುಟ್ಟಿಸಿದೆ. ಮಂಡಿನೋವಿನ ಮುದುಕಿ ಕಂಬಿ ಹಿಡಿದು ಮೆಟ್ಟಿಲು ಹತ್ತಿದರು. ಕಂಪ್ಯೂಟರಿನ ಮುಂದೆ ನಿಂತು, "ನೀನ್ ಬರ್ದಿರೋದು ಯಾವ್ದವ್ವ?" ಅಂದರು. ಅತ್ತೆ ತೋರಿಸಿದರು. ಅಕ್ಷರ ಗೊತ್ತಿಲ್ಲದ ಅಜ್ಜಿ ಒಂದೊಂದು ಸಾಲಿನ ಮೇಲೂ ಬೆರಳಾಡಿಸಿದರು. ಬೆರಳಿನ ಗುರುತು ಗಾಜಿನ ಮೇಲೆ ಉಳಿದದ್ದು ಕಂಡು ಗಾಬರಿಯಾಗಿ ಸೆರಗಿನಿಂದ ಒರೆಸಿದರು. ಆಮೇಲೆ ಸೊಸೆಯ ಕೈ ಹಿಡಿದುಕೊಂಡರು.

"ನಾಳಿಕ್ಕಿಂದ ಸೊಪ್ಪು ನಾನ್ ಹಾಕ್ತೀನಿ ಕಣವ್ವ. ನೀನು ಪಾಠ ಮಾಡೋಗು."

ಅಷ್ಟು ಜನರ ಎದುರಿಗೇ ಅತ್ತೆ ಆ ಮುದುಕಿಯ ಹೆಗಲಿಗೆ ಮುಖ ಒತ್ತಿ ಬಿಕ್ಕಿಬಿಕ್ಕಿ ಅತ್ತುಬಿಟ್ಟರು.